ಬೋಯಾ ನೋಡಿಕೊಳ್ಳುವ ಕಪ್ಪು ಹಡಗು: ಅದರಲ್ಲಿರುವವರಿಗೆ ವರ್ಷವಿಡೀ ಏನು ಕೆಲಸ?

ಹೊನ್ನಾವರದ ಹುಡುಗ

ಅಕ್ಕ ಭಾವನ ಮನೆಗೆಂದು ಅಮೆರಿಕದ ಮಿನೆಸೋಟಾಕ್ಕೆ ಬಂದಿದ್ದೇನೆ. ಮೊನ್ನೆ ಡುಲೂತ್ ಬಂದರಿನಲ್ಲಿ ಒಂದು ಹಡಗು ಕಂಡಿತು. ಮೈ ಪೂರ್ತಿ ಕಪ್ಪು, ಮೇಲಿನ ಕಟ್ಟಡ ಬಿಳಿ, ಮುಂಭಾಗದಲ್ಲಿ ಕೋಸ್ಟ್ ಗಾರ್ಡ್‌ನ ಕೆಂಪು ಓರೆಪಟ್ಟಿ. ಮುಂದಿನ ಡೆಕ್ ಅಂಗಳದ ಹಾಗೆ ಖಾಲಿ, ಅದರ ಹಿಂದೆ ಒಂದು ದೊಡ್ಡ ಕ್ರೇನ್. ನಾನು ಕಾರವಾರದ ಕಡೆ ನೋಡಿದ ಕೋಸ್ಟ್ ಗಾರ್ಡ್ ಹಡಗುಗಳೆಲ್ಲ ಬಿಳಿ ಬಣ್ಣದವು, ಗಸ್ತು ತಿರುಗುವವು. ಭಾವನನ್ನು ಕೇಳಿದರೆ "ಅದು ಬೋಯಾ ಎತ್ತುವ ಹಡಗು" ಎಂದಷ್ಟೇ ಹೇಳಿ ಸುಮ್ಮನಾದರು.

ಬೋಯಾ ಎಂದರೆ ಹಡಗಿನ ದಾರಿ ಗುರುತಿಸಲು ನೀರಿನಲ್ಲಿ ತೇಲಬಿಡುವ ಕೆಂಪು, ಹಸಿರು ಡಬ್ಬಿಗಳು, ಅಷ್ಟು ಗೊತ್ತು. ಒಮ್ಮೆ ಇಟ್ಟರೆ ಮುಗಿಯಿತಲ್ಲವೇ? ಅದಕ್ಕೆಂದೇ ಇಷ್ಟು ದೊಡ್ಡ ಹಡಗು, ಅದರಲ್ಲಿ ಅಷ್ಟೊಂದು ಜನ ಏಕೆ? ತಿಳಿದವರು ಇದ್ದರೆ ಹೇಳಿ.

ಸುಪೀರಿಯರ್ ದಡ

ನೀವು ನೋಡಿದ್ದು ಬಹುಶಃ 'ಸ್ಪಾರ್'. 2022ರಿಂದ ಡುಲೂತ್‌ನಲ್ಲಿದೆ, ಮೊದಲು ಅಲಾಸ್ಕಾದ ಕೋಡಿಯಾಕ್‌ನಲ್ಲಿತ್ತು. ಅದಕ್ಕೂ ಮುಂಚೆ ಇಲ್ಲಿದ್ದದ್ದು 'ಆಲ್ಡರ್'. ಎರಡೂ ಜುನಿಪರ್ ವರ್ಗದವು. ಉದ್ದ 225 ಅಡಿ, ಅಗಲ 46 ಅಡಿ, ನೀರಿನೊಳಗೆ ಮುಳುಗಿರುವ ಭಾಗ ಸುಮಾರು 13 ಅಡಿ, ತೂಕ 2,000 ಟನ್. ವಿಸ್ಕಾನ್ಸಿನ್ ರಾಜ್ಯದ ಮರಿನೆಟ್‌ನಲ್ಲಿ ಇಂಥ 16 ಹಡಗುಗಳನ್ನು ಕಟ್ಟಿದರು. ಮೊದಲನೆಯದು 1996ರಲ್ಲಿ ಸೇವೆಗೆ ಬಂತು.

ನಿಮಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಇವುಗಳ ಹಿಂದಿನ ತಲೆಮಾರಿನ 180 ಅಡಿಯ ಹಡಗುಗಳು ಒಟ್ಟು 39. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವುಗಳಲ್ಲಿ 38ನ್ನು ಇದೇ ಡುಲೂತ್‌ನ ಎರಡು ಹಡಗುಕಟ್ಟೆಗಳಲ್ಲಿ ಕಟ್ಟಿದರು. ಸಮುದ್ರದಿಂದ ಎರಡು ಸಾವಿರ ಮೈಲಿಗಿಂತ ದೂರದ ಸಿಹಿನೀರಿನ ಊರಿನಲ್ಲಿ! ಅಲ್ಲಿಂದ ಹೊರಟವು ಪೆಸಿಫಿಕ್‌ವರೆಗೂ ಹೋಗಿ ಅರ್ಧ ಶತಮಾನ ದುಡಿದವು. ಹೆಸರುಗಳೆಲ್ಲ ಗಿಡಮರಗಳವು: ಕ್ಯಾಕ್ಟಸ್, ಐರಿಸ್, ಅಕೇಶಿಯಾ, ಸನ್‌ಡ್ಯೂ, ಬ್ರ್ಯಾಂಬಲ್. ಹಳೆಯ ಲೈಟ್‌ಹೌಸ್ ಸರ್ವಿಸ್ ತನ್ನ ಹಡಗುಗಳಿಗೆ ಹೀಗೆ ಹೆಸರಿಡುತ್ತಿತ್ತು. 1939ರಲ್ಲಿ ಅದನ್ನು ಕೋಸ್ಟ್ ಗಾರ್ಡ್‌ಗೆ ಸೇರಿಸಿದರು, ಹೆಸರಿಡುವ ಪದ್ಧತಿಯೂ ಜೊತೆಗೆ ಬಂತು.

ಕೆಲಸದ ಬಗ್ಗೆ ಹೇಳಲು ನನಗಿಂತ ತಿಳಿದವರು ಇಲ್ಲಿದ್ದಾರೆ. ಬೋಸನ್ ಸಾಹೇಬರು ಎಲ್ಲಿ?

ಹಳೆಯ ಬೋಸನ್

ಇಲ್ಲಿಯೇ ಇದ್ದೇನೆ. ಸರಕು ಹಡಗುಗಳಲ್ಲಿ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ ಆಗಿ ದುಡಿದು, ನಿವೃತ್ತಿಗೆ ಮುಂಚೆ ಕೆಲವು ವರ್ಷ ಒಂದು ಬಂದರಿನ ಬೋಯಾ ನಿರ್ವಹಣೆಯ ದೋಣಿಯಲ್ಲಿದ್ದೆ. ನಮ್ಮದು ಚಿಕ್ಕ ದೋಣಿ, ಅವರದು ದೊಡ್ಡ ಹಡಗು. ಆದರೆ ಸರಪಳಿ ಎಲ್ಲ ಕಡೆಯೂ ಒಂದೇ ರೀತಿ ಸವೆಯುತ್ತದೆ.

ಬೋಯಾದ ಮೇಲೆ ಕಾಣುವುದು ಸ್ವಲ್ಪ. ತೆರೆದ ಸಮುದ್ರಕ್ಕೆ ಹಾಕುವ ದೀಪದ ಬೋಯಾದ ಉಕ್ಕಿನ ಮೈ 8 ಅಡಿ ವ್ಯಾಸ, 26 ಅಡಿ ಉದ್ದ ಇರುತ್ತದೆ. 9 ಅಡಿ ವ್ಯಾಸ, 35 ಅಡಿ ಉದ್ದದವೂ ಇವೆ. ಅದರ ಕೆಳಗೆ ಸರಪಳಿ, ಸರಪಳಿಯ ತುದಿಗೆ ತಳದಲ್ಲಿ ಕುಳಿತ ಕಾಂಕ್ರೀಟಿನ ದಿಮ್ಮಿ. ನಾವು ಅದನ್ನು ಸಿಂಕರ್ ಎನ್ನುತ್ತೇವೆ, ಹಲವು ಟನ್ ತೂಗುತ್ತದೆ. ನೀರಿನ ಆಳಕ್ಕಿಂತ ಸರಪಳಿಯ ಉದ್ದ ಎರಡು ಮೂರು ಪಟ್ಟು ಇರಬೇಕು. ಇಲ್ಲದಿದ್ದರೆ ದೊಡ್ಡ ಅಲೆ ಬಂದಾಗ ಬೋಯಾ ದಿಮ್ಮಿಯನ್ನೇ ಎತ್ತಿಕೊಂಡು ನಡೆದುಬಿಡುತ್ತದೆ. ಹೆಚ್ಚುವರಿ ಸರಪಳಿ ತಳದ ಮೇಲೆ ಬಿದ್ದಿರುತ್ತದೆ. ಗಾಳಿ, ಉಬ್ಬರ, ಇಳಿತ ತಿರುಗಿದ ಹಾಗೆ ಬೋಯಾ ವೃತ್ತಾಕಾರದಲ್ಲಿ ಸುತ್ತುತ್ತದೆ. ಸರಪಳಿ ತಳವನ್ನು ಮುಟ್ಟುವ ಜಾಗದಲ್ಲಿ ಹಗಲೂ ರಾತ್ರಿ ಮರಳಿಗೆ ಉಜ್ಜಿಕೊಳ್ಳುತ್ತದೆ. ಹೆಬ್ಬೆರಳು ದಪ್ಪದ ಕೊಂಡಿ ಅಲ್ಲಿ ಕಿರುಬೆರಳು ದಪ್ಪವಾಗುತ್ತದೆ. ಒಂದು ರಾತ್ರಿ ಬಿರುಗಾಳಿಗೆ ಅದು ಕಡಿದರೆ ಬೋಯಾ ಎಲ್ಲಿಗೋ ಹೋಗುತ್ತದೆ. ಕಡಿಯದೆ ದಿಮ್ಮಿಯೇ ಜರುಗಿದರೆ ಇನ್ನೂ ಕೆಟ್ಟದ್ದು. ಇಲ್ಲದ ಬೋಯಾ ಯಾರನ್ನೂ ನಂಬಿಸುವುದಿಲ್ಲ. ತಪ್ಪು ಜಾಗದಲ್ಲಿ ನಿಂತು ಚೆನ್ನಾಗಿ ದೀಪ ಮಿನುಗಿಸುವ ಬೋಯಾ ಹಡಗನ್ನು ಕರೆದುಕೊಂಡು ಹೋಗಿ ಬಂಡೆಗೆ ಕೂರಿಸುತ್ತದೆ.

ಆದ್ದರಿಂದ ಗೊತ್ತುಪಡಿಸಿದ ಅವಧಿಗೊಮ್ಮೆ ಪ್ರತಿಯೊಂದನ್ನೂ ಎತ್ತಿ ನೋಡಬೇಕು. ಈ ಎತ್ತುವ ಕೆಲಸವೇ ಕೆಲಸ. ಹಡಗು ಗಾಳಿಗೂ ಪ್ರವಾಹಕ್ಕೂ ಎದುರಾಗಿ ಇಷ್ಟಿಷ್ಟೇ ಮುಂದೆ ಬಂದು ಬೋಯಾವನ್ನು ಪಕ್ಕಕ್ಕೆ ತೆಗೆದುಕೊಳ್ಳುತ್ತದೆ. ವೇಗ ಇಲ್ಲವೆಂದರೆ ಚುಕ್ಕಾಣಿಗೆ ಹಿಡಿತ ಇಲ್ಲ. ವೇಗ ಇದ್ದರೆ ಬೋಯಾ ಹಡಗಿನ ಕೆಳಗೆ ಹೋಗುತ್ತದೆ. ಡೆಕ್ಕಿನವನು ಕೈ ಚಾಚಿ ಕೊಕ್ಕೆ ಸಿಕ್ಕಿಸುತ್ತಾನೆ. ಹಡಗೂ ಏಳುತ್ತಾ ಬೀಳುತ್ತಾ ಇರುತ್ತದೆ, ಬೋಯಾವೂ ಏಳುತ್ತಾ ಬೀಳುತ್ತಾ ಇರುತ್ತದೆ, ಆದರೆ ಎರಡೂ ಒಟ್ಟಿಗೆ ಅಲ್ಲ. ಕ್ರೇನ್ ಎತ್ತುತ್ತದೆ, ಅಡ್ಡ ವಿಂಚುಗಳು, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರಗಳು, ಡೆಕ್ಕಿಗೆ ಎಳೆದು ಬಿಗಿಯುತ್ತವೆ, ಸರಪಳಿ ಜಾರದಂತೆ ಅದನ್ನು ಡೆಕ್ಕಿನ ಅಂಚಿನಲ್ಲಿ ಸ್ಟಾಪರ್ ಎಂಬ ಹಿಡಿಕೆಗೆ ಕಚ್ಚಿಸುತ್ತಾರೆ. ಆಮೇಲೆ ಸರಪಳಿಯನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ತಂದು ಕೊಂಡಿಗಳ ದಪ್ಪ ಅಳೆಯುತ್ತಾರೆ, ಸವೆದ ಭಾಗ ಕತ್ತರಿಸಿ ಹೊಸದನ್ನು ಜೋಡಿಸುತ್ತಾರೆ.

ಡೆಕ್ಕಿನಲ್ಲಿ ಮಾತನಾಡುವವನು ಒಬ್ಬನೇ, ಮೇಲ್ವಿಚಾರಕ. ಉಳಿದವರಿಗೆ ಕೈಸನ್ನೆ. ಅಪಾಯ ಕಂಡಾಗ 'ನಿಲ್ಲಿಸು' ಎನ್ನುವ ಅಧಿಕಾರ ಮಾತ್ರ ನಿನ್ನೆ ಸೇರಿದ ಹುಡುಗನಿಗೂ ಇರುತ್ತದೆ. ಸುರುಳಿ ಸುತ್ತಿದ ಸರಪಳಿಯ ನಡುವೆ ಕಾಲಿಟ್ಟವನ ಕಾಲು ಅವನದಲ್ಲ. ಇದನ್ನು ಹೊಸಬರಿಗೆ ಹೇಳಿ ಹೇಳಿ ನನ್ನ ಗಂಟಲೇ ಸವೆದಿದೆ.

ಹೊನ್ನಾವರದ ಹುಡುಗ

ಬಾಪ್ರೇ. ಇದನ್ನು ಓದಿದ ಮೇಲೆ ಆ ಖಾಲಿ ಡೆಕ್ ಏಕೆ ಎಂದು ತಿಳಿಯಿತು. ಹಡಗನ್ನು ಅಷ್ಟು ಹೊತ್ತು ಒಂದೇ ಜಾಗದಲ್ಲಿ ನಿಲ್ಲಿಸುವುದು ಹೇಗೆ? ಲಂಗರು ಹಾಕುತ್ತಾರೆಯೇ?

ಸುಪೀರಿಯರ್ ದಡ

ಜುನಿಪರ್ ವರ್ಗದಲ್ಲಿ ಮುಂದೊಂದು, ಹಿಂದೊಂದು ಥ್ರಸ್ಟರ್ ಇವೆ. ಹಡಗನ್ನು ಪಕ್ಕಕ್ಕೆ ತಳ್ಳುವ ಚಿಕ್ಕ ಪಂಖಗಳು ಎನ್ನಿ. ದೊಡ್ಡ ಪಂಖ ಒಂದೇ, ಆದರೆ ಅದರ ಅಲಗುಗಳ ಕೋನವನ್ನು ಬದಲಿಸಬಹುದು. ಉಪಗ್ರಹದಿಂದ ಬರುವ ಸ್ಥಾನದ ಮಾಹಿತಿ ನೋಡಿಕೊಂಡು ಕಂಪ್ಯೂಟರ್ ಇವೆಲ್ಲವನ್ನೂ ಆಡಿಸುತ್ತಾ, 30 ನಾಟ್ ಗಾಳಿ, 8 ಅಡಿ ಅಲೆ ಇದ್ದರೂ 10 ಮೀಟರ್ ವೃತ್ತದೊಳಗೆ ಹಡಗನ್ನು ಹಿಡಿದಿಡಬೇಕು ಎಂಬ ಲೆಕ್ಕದಲ್ಲಿ ವಿನ್ಯಾಸ ಮಾಡಿದರು. 180 ಅಡಿಯ ಹಳೆಯ ಹಡಗುಗಳಿಗೆ ಇಂಥ ಕಂಪ್ಯೂಟರ್ ಇರಲಿಲ್ಲ, ಎಲ್ಲವೂ ಕ್ಯಾಪ್ಟನ್ನನ ಕಣ್ಣು ಮತ್ತು ಕೈಗುಣ. ಬೋಯಾ ಇಳಿಸುವ ಜಾಗವನ್ನೂ ಆಗ ಸೆಕ್ಸ್‌ಟೆಂಟ್ ಅಡ್ಡ ಹಿಡಿದು ಗೊತ್ತುಮಾಡುತ್ತಿದ್ದರು. ದಡದ ಮೂರು ಗುರುತುಗಳ ನಡುವಿನ ಕೋನ ಅಳೆದು ನಕ್ಷೆಯ ಮೇಲೆ ಗೆರೆ ಕೂಡಿಸುವುದು. ಮಂಜು ಕವಿದರೆ ಅಂದಿನ ಕೆಲಸ ಬಂದ್.

ಯಶೋದಾ, ಮಿಶಿಗನ್

ನಾನು ಈ ವೇದಿಕೆಯಲ್ಲಿ ಅಡುಗೆ ವಿಭಾಗ ಬಿಟ್ಟು ಈಚೆ ಬಂದವಳಲ್ಲ. ಆದರೆ ನನ್ನ ಮಗ ಇಂಥದೇ ಒಂದು ಹಡಗಿನ ಡೆಕ್ಕಿನಲ್ಲಿದ್ದ. ಯಾವುದು, ಎಲ್ಲಿ ಎಂದು ಬರೆಯುವುದಿಲ್ಲ. ಅವನು ಫೋನಿನಲ್ಲಿ ಹೇಳಿದ್ದನ್ನು, ರಜೆಗೆ ಬಂದಾಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದು ವಾಸನೆ. ಬೋಯಾ ನೀರಿನಿಂದ ಮೇಲೆ ಬಂದಾಗ ಅದರ ಹೊಟ್ಟೆಯ ತುಂಬ ಪಾಚಿ, ಬಾರ್ನಕಲ್, ನೀಲಿಕಲ್ಲು ಎಂಬ ಅಂಟಿಕೊಳ್ಳುವ ಚಿಪ್ಪುಜೀವಿಗಳು. ಬಿಸಿಲಿಗೆ ಅರ್ಧ ಗಂಟೆ ಬಿಟ್ಟರೆ ಹತ್ತಿರ ನಿಲ್ಲಲಾಗದು. ಅದನ್ನೆಲ್ಲ ಸಲಾಕೆಯಿಂದ ಕೆರೆದು, ನೀರಿನ ರಭಸಕ್ಕೆ ಹಿಡಿದು ತೊಳೆಯಬೇಕು. ಮೇಲುಭಾಗದಲ್ಲಿ ಹಕ್ಕಿಗಳ ಹಿಕ್ಕೆ. ಪೆಸಿಫಿಕ್ ತೀರದಲ್ಲಿ ಇದರ ಜೊತೆಗೆ ಕಡಲಸಿಂಹಗಳು ಬೋಯಾದ ಮೇಲೆ ಹತ್ತಿ ಮಲಗಿರುತ್ತವಂತೆ. ಅವು ಎದ್ದು ಹೋಗುವವರೆಗೆ ಅಮೆರಿಕ ಸರ್ಕಾರದ ಹಡಗೂ ಕಾಯಬೇಕು. ಅವನು ರಜೆಗೆ ತಂದ ಬಟ್ಟೆಯ ಚೀಲವನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಗ್ಯಾರೇಜಿನಲ್ಲೇ ಬಿಚ್ಚಿಸುತ್ತಿದ್ದೆ.

ಎರಡನೆಯದು ಬೆಂಕಿ ಮತ್ತು ಸುತ್ತಿಗೆ. ಸರಪಳಿಯ ತುಂಡುಗಳನ್ನು ಶ್ಯಾಕಲ್ ಎಂಬ ಪಿನ್ನಿರುವ ಕೊಂಡಿಯಿಂದ ಜೋಡಿಸುತ್ತಾರೆ. ಅದರ ಪಿನ್ನು ನೀರಿನೊಳಗೆ ಅಲುಗಾಡಿ ಕಳಚಿಕೊಳ್ಳಬಾರದು. ಅದಕ್ಕೆ ಟಾರ್ಚಿನ ಜ್ವಾಲೆಯಲ್ಲಿ ಪಿನ್ನಿನ ತುದಿಯನ್ನು ಕೆಂಪಗೆ ಕಾಯಿಸಿ, ಇಬ್ಬರು ಎದುರುಬದುರು ನಿಂತು ದೊಡ್ಡ ಸುತ್ತಿಗೆಯಿಂದ ಸರದಿಯಂತೆ ಬಡಿದು ಅಣಬೆಯ ತಲೆಯಂತೆ ಹರಡುತ್ತಾರೆ. ಒಬ್ಬರ ಸುತ್ತಿಗೆ ಏಳುವಾಗ ಇನ್ನೊಬ್ಬರದು ಇಳಿಯಬೇಕು. ಅಲಾಸ್ಕಾದ ಜುನೋದಲ್ಲಿ ಈ ಹಡಗುಗಳು ಒಟ್ಟುಸೇರಿದಾಗ ಇದರಲ್ಲೇ ಪಂದ್ಯ ನಡೆಯುತ್ತದೆ, ಸರಪಳಿ ಎಳೆಯುವ ಪಂದ್ಯವೂ ಇದೆ. ನನ್ನ ಮಗ ಓದುವಾಗ ಒಂದು ಲೋಟ ಎತ್ತಿ ಸಿಂಕಿಗೆ ಹಾಕಿದವನಲ್ಲ!

ಸುಮಾರು ಐವತ್ತು ಜನ. ಅಧಿಕಾರಿಗಳು ಎಂಟು ಮಂದಿ ಇರಬಹುದು, ಉಳಿದವರು ಡೆಕ್, ಎಂಜಿನ್, ವಿದ್ಯುತ್, ಅಡುಗೆ. ಬೆಳಗಿನ ಹೊತ್ತು ಬೋಯಾ ಕೆಲಸ ಮುಗಿಸಿದವರೇ ರಾತ್ರಿ ಸರದಿ ಕಾವಲಿಗೆ ನಿಲ್ಲಬೇಕು. ಬಂದರಿಗೆ ಬಂದರೆ ವಿಶ್ರಾಂತಿ ಎಂದುಕೊಂಡಿದ್ದೆ. ಇಲ್ಲ, ಬಂದರಿನಲ್ಲಿ ತುಕ್ಕು ಕೆರೆದು ಬಣ್ಣ ಹೊಡೆಯುವ ಕೆಲಸ, ಅಭ್ಯಾಸ, ತಪಾಸಣೆ. ಡೆಕ್ಕಿನ ಹುಡುಗರಿಗೆ ದೊಡ್ಡ ಮರ್ಯಾದೆ ಅಡುಗೆಯವರ ಮೇಲೆ. ಕ್ಯಾಪ್ಟನ್ ಗದರಿಸಿದರೆ ಮರೆಯುತ್ತಾರೆ, ಅಡುಗೆಯವನು ಮುನಿಸಿಕೊಂಡರೆ ಇಡೀ ಪ್ರಯಾಣ ಕೆಡುತ್ತದೆ.

ಸಂದೇಹ ಶಂಕರ

ಶ್ರಮ ದೊಡ್ಡದು, ಒಪ್ಪುತ್ತೇನೆ. ಆದರೆ ಕೇಳಬೇಕಾದ ಪ್ರಶ್ನೆ ಯಾರೂ ಕೇಳುತ್ತಿಲ್ಲ. ಪ್ರತಿ ಹಡಗಿನಲ್ಲೂ ಜಿಪಿಎಸ್ ಇದೆ, ವಿದ್ಯುನ್ಮಾನ ನಕ್ಷೆ ಇದೆ, ಮೀನುದೋಣಿಯ ಹುಡುಗನ ಜೇಬಿನಲ್ಲೂ ಮೊಬೈಲ್ ಇದೆ. ರೇಡಿಯೋ ಸಂದೇಶದ ಮೂಲಕ ನಕ್ಷೆಯ ಮೇಲೆ ಮಾತ್ರ ಕಾಣುವ 'ವರ್ಚುವಲ್' ಬೋಯಾವನ್ನು ಕಚೇರಿಯಲ್ಲಿ ಕುಳಿತೇ ಇಡಬಹುದು. ಅದಕ್ಕೆ ಸರಪಳಿ ಸವೆಯುವುದಿಲ್ಲ, ನೀಲಿಕಲ್ಲು ಹಿಡಿಯುವುದಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ತಾನೇ 2025ರಲ್ಲಿ ಮೇಯ್ನ್‌ನಿಂದ ನ್ಯೂಜೆರ್ಸಿವರೆಗಿನ ತೀರದಲ್ಲಿ ಸುಮಾರು 350 ಬೋಯಾಗಳನ್ನು ತೆಗೆಯುವ ಪ್ರಸ್ತಾವ ಮುಂದಿಟ್ಟಿತು. ಅವರಿಗೇ ಬೇಡವಾದದ್ದನ್ನು ನಾವೇಕೆ ಹೊಗಳುತ್ತಾ ಕೂರಬೇಕು?

ಸುಪೀರಿಯರ್ ದಡ

ಶಂಕರ್ ಅವರೇ, ಪ್ರಸ್ತಾವ ಬಂದದ್ದು ನಿಜ. ಅದಕ್ಕೆ ಜನರ ಅಭಿಪ್ರಾಯ ಕೇಳಿದಾಗ ವಿರೋಧಿಸಿದವರು ಯಾರೆಂದು ನೋಡಿ: ಮೇಯ್ನ್ ತೀರದ ಮೀನುಗಾರರು, ಚಿಕ್ಕ ದೋಣಿಯವರು. ಆ ತೀರ ಪೂರ್ತಿ ಬಂಡೆ, ಬೇಸಿಗೆಯಲ್ಲೇ ದಟ್ಟ ಮಂಜು. ಉಪಕರಣ ಕೈಕೊಟ್ಟ ದಿನ ಗಂಟೆಯ ಸದ್ದು ಕೇಳಿಸಿಕೊಂಡು ದಾರಿ ಹಿಡಿಯುತ್ತೇವೆ ಎಂಬುದು ಅವರ ವಾದ. ಗಂಟೆ ಬೋಯಾಕ್ಕೆ ಬ್ಯಾಟರಿ ಬೇಡ, ಅಲೆಯೇ ಅದನ್ನು ಬಡಿಯುತ್ತದೆ. ಸಿಳ್ಳೆ ಬೋಯಾದ ಒಳಗಿನ ಉದ್ದ ಕೊಳವೆಯಲ್ಲಿ ನೀರು ಏರಿಳಿದು ಗಾಳಿಯನ್ನು ದೂಡುತ್ತದೆ, ಅದೇ ಊದುತ್ತದೆ.

ಹಳೆಯ ಬೋಸನ್

ಶಂಕರರು ಹೇಳುವುದರಲ್ಲಿ ಅರ್ಧ ಸರಿ ಇದೆ. ಚಂಡಮಾರುತ ಬಂದು ಬೋಯಾಗಳೆಲ್ಲ ಚದುರಿಹೋದ ಮರುದಿನ ವರ್ಚುವಲ್ ಗುರುತು ಬಲು ಉಪಕಾರಿ. ಬೋಯಾವನ್ನೇ ಪೂರ್ತಿ ನಂಬಬೇಡಿ ಎಂದು ನಾವಿಕರಿಗೆ ಮೊದಲ ಪಾಠದಲ್ಲೇ ಕಲಿಸುತ್ತಾರೆ, ಏಕೆಂದರೆ ತೇಲುವ ಗುರುತು ಜರುಗಬಹುದು. ಆದರೆ ಅದೇ ಪಾಠ ಜಿಪಿಎಸ್‌ಗೂ ಅನ್ವಯಿಸುತ್ತದೆ. ಸಂಕೇತವನ್ನು ತಡೆಯುವುದು, ಸುಳ್ಳು ಸಂಕೇತ ಬಿಡುವುದು ಈಗ ಗುಟ್ಟಿನ ವಿದ್ಯೆಯಲ್ಲ. ಪರದೆ ಒಂದು ಹೇಳುತ್ತದೆ, ಕಿಟಕಿಯಾಚೆ ಬೋಯಾ ಇನ್ನೊಂದು ಹೇಳುತ್ತದೆ, ಎರಡೂ ತಾಳೆಯಾದರೆ ಮುಂದೆ ಹೋಗು, ಆಗದಿದ್ದರೆ ನಿಲ್ಲು. ತಾಳೆ ನೋಡಲು ಎರಡಾದರೂ ಬೇಡವೇ ಮಾರಾಯರೇ?

ಬಾಲ್ಟಿಮೋರ್ ನೆನಪಿರಬಹುದು. 2024ರ ಮಾರ್ಚ್ 26ರಂದು 'ಡಾಲಿ' ಎಂಬ ಕಂಟೇನರ್ ಹಡಗು ವಿದ್ಯುತ್ ಕಳೆದುಕೊಂಡು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಗುದ್ದಿತು, ಸೇತುವೆಯ ಮೇಲಿದ್ದ ಆರು ಕಾರ್ಮಿಕರು ಸತ್ತರು. ಆ ಹಡಗಿನಲ್ಲಿದ್ದವರಲ್ಲಿ ಹೆಚ್ಚಿನವರು ನಮ್ಮ ಭಾರತದ ಹುಡುಗರು. ಮುಖ್ಯ ಕಾಲುವೆ ಮುಚ್ಚಿಹೋದಾಗ ಅವಶೇಷಗಳ ಪಕ್ಕದಲ್ಲಿ ಚಿಕ್ಕ ಹಡಗುಗಳಿಗೆ ತಾತ್ಕಾಲಿಕ ದಾರಿ ತೆರೆದರು. ಆ ದಾರಿಗೆ ಗುರುತಾಗಿ ಇಟ್ಟದ್ದು ನೀರಿನ ಮೇಲೆ ಕಣ್ಣಿಗೆ ಕಾಣುವ ದೀಪಗಳನ್ನು.

ಸಂದೇಹ ಶಂಕರ

ಬೋಸನ್ ಸಾಹೇಬರ ವಾದ ಬಂದರಿನ ಬಾಯಿಗೆ, ಕಿರಿದಾದ ಕಾಲುವೆಗೆ ಸರಿ. ತೆರೆದ ನೀರಿನ ಬೋಯಾಗಳ ವಿಷಯದಲ್ಲಿ ನನ್ನ ಮಾತಿಗೆ ನಾನು ಈಗಲೂ ಅಂಟಿಕೊಂಡಿದ್ದೇನೆ. ಒಂದು ದೇಶ 40 ಸಾವಿರಕ್ಕೂ ಹೆಚ್ಚು ಗುರುತುಗಳನ್ನು ಇಟ್ಟುಕೊಂಡಿದ್ದರೆ ಅದರಲ್ಲಿ ಕೆಲವಾದರೂ ಬರೀ ರೂಢಿಗಾಗಿ ಉಳಿದಿರುತ್ತವೆ.

ಪಣಂಬೂರು ವಾಸಿ

ನಮ್ಮ ಕಡೆ ಈ ಕೆಲಸ ಕೋಸ್ಟ್ ಗಾರ್ಡ್‌ನದಲ್ಲ ಎಂಬುದನ್ನೂ ಸೇರಿಸಿ. ಭಾರತದಲ್ಲಿ ತೀರದ ದೀಪಸ್ತಂಭಗಳು, ಸಮುದ್ರದ ಗುರುತುಗಳು ದೀಪಸ್ತಂಭ ಮತ್ತು ದೀಪನೌಕೆಗಳ ಮಹಾನಿರ್ದೇಶನಾಲಯದ ಕೆಳಗೆ ಬರುತ್ತವೆ. ಅದರ ಕೇಂದ್ರ ಕಚೇರಿ ನೋಯ್ಡಾದಲ್ಲಿದೆ, ಸಮುದ್ರ ಹತ್ತಿರವಿಲ್ಲದ ಊರು! ಕಾಪು ದೀಪಸ್ತಂಭ ನೋಡಲು ಟಿಕೆಟ್ ತೆಗೆದುಕೊಳ್ಳುತ್ತೀರಲ್ಲ, ಅದು ಇವರದೇ. 1901ರಲ್ಲಿ ಕಟ್ಟಿದ್ದು. ಬೋಯಾ ನೋಡಿಕೊಳ್ಳಲು ಇವರ ಬಳಿ 'ಸಾಗರದೀಪ', 'ಪ್ರದೀಪ', 'ದೀಪಸ್ತಂಭ' ಎಂಬ ಹೆಸರಿನ ಹಡಗುಗಳಿವೆ. ಬಂದರಿನ ಕಾಲುವೆಯೊಳಗಿನ ಬೋಯಾಗಳು ಆಯಾ ಬಂದರಿನ ಜವಾಬ್ದಾರಿ. 1927ರ ದೀಪಸ್ತಂಭ ಕಾಯ್ದೆಯ ಬದಲಿಗೆ 2021ರಲ್ಲಿ ಹೊಸ ಕಾಯ್ದೆ ಬಂದಿದೆ.

ಇನ್ನೊಂದು ವ್ಯತ್ಯಾಸ. ನವಮಂಗಳೂರು ಬಂದರಿಗೆ ಸಮುದ್ರದಿಂದ ಒಳಗೆ ಬರುವ ಹಡಗಿಗೆ ಕೆಂಪು ಬೋಯಾ ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕದಲ್ಲಿ ಪೂರ್ತಿ ಉಲ್ಟಾ, ಕೆಂಪು ಬಲಕ್ಕೆ. ಜಗತ್ತನ್ನು ಎರಡು ವಲಯ ಮಾಡಿದ್ದಾರೆ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೀನ್ಸ್ ಒಂದು ಕಡೆ, ನಾವೂ ಉಳಿದ ಬಹುಪಾಲು ಜಗತ್ತೂ ಇನ್ನೊಂದು ಕಡೆ. ನಮ್ಮ ಹುಡುಗರು ಹಡಗು ಹತ್ತಿ ಮೊದಲ ಸಲ ಆ ಕಡೆ ಹೋದಾಗ ತಲೆಯಲ್ಲಿ ಇದನ್ನು ತಿರುಗಿಸಿಟ್ಟುಕೊಳ್ಳಬೇಕು.

ಹೊನ್ನಾವರದ ಹುಡುಗ

ಕೆರೆ ಹೆಪ್ಪುಗಟ್ಟುತ್ತದಲ್ಲ, ಚಳಿಗಾಲದಲ್ಲಿ ಡುಲೂತ್‌ನ ಹಡಗಿಗೆ ರಜೆಯೇ?

ಸುಪೀರಿಯರ್ ದಡ

ರಜೆಯ ಬದಲು ಅವಸರ. ಮಂಜುಗಡ್ಡೆ ಬೋಯಾವನ್ನು ಹಿಡಿದುಕೊಂಡರೆ ಎಳೆದೊಯ್ಯುತ್ತದೆ ಅಥವಾ ಮುಳುಗಿಸುತ್ತದೆ, ದೀಪವನ್ನು ಪುಡಿ ಮಾಡುತ್ತದೆ. ಅದಕ್ಕೆ ಪ್ರತಿ ಶರತ್ಕಾಲದಲ್ಲಿ ಮಹಾಸರೋವರಗಳ ಸಾವಿರಕ್ಕೂ ಹೆಚ್ಚು ಗುರುತುಗಳನ್ನು ತೆಗೆದು ದಡಕ್ಕೆ ತರುತ್ತಾರೆ, ಹಲವು ಕಡೆ ದೀಪವಿಲ್ಲದ ಗಟ್ಟಿ ಚಳಿಗಾಲದ ಗುರುತು ಇಟ್ಟು ಬರುತ್ತಾರೆ. ವಸಂತದಲ್ಲಿ ಮತ್ತೆ ಎಲ್ಲವನ್ನೂ ಅದರದರ ಜಾಗಕ್ಕೆ. ಸಮಸ್ಯೆ ಏನೆಂದರೆ ಸರಕು ಹಡಗುಗಳು ಓಡುವವರೆಗೂ ಬೋಯಾ ಬೇಕು, ಮಂಜುಗಡ್ಡೆ ಕಟ್ಟುವ ಮುಂಚೆ ತೆಗೆಯಲೂ ಬೇಕು. ಈ ಎರಡರ ನಡುವೆ ಸಿಗುವುದು ನವೆಂಬರ್, ಡಿಸೆಂಬರ್. ಸುಪೀರಿಯರ್ ಸರೋವರದಲ್ಲಿ ಅದಕ್ಕಿಂತ ಕೆಟ್ಟ ತಿಂಗಳುಗಳು ಇಲ್ಲ. ಡೆಕ್ಕಿಗೆ ಬಿದ್ದ ನೀರು ಅಲ್ಲೇ ಗಡ್ಡೆಯಾಗುತ್ತದೆ, ಸರಪಳಿ ಮೇಲೆ ಬಂದ ಕೂಡಲೇ ಹೆಪ್ಪು.

'ಮೆಸ್ಕೀಟ್' ಎಂಬ 180 ಅಡಿಯ ಹಡಗಿನ ಕತೆ ಇದೇ. 1989ರ ಡಿಸೆಂಬರ್ 4ರ ನಸುಕಿನಲ್ಲಿ ಕೀವಿನಾ ಭೂಶಿರದ ಬಳಿ ಚಳಿಗಾಲಕ್ಕೆಂದು ಬೋಯಾ ಎತ್ತುವ ಕೆಲಸದಲ್ಲಿತ್ತು. ಆ ಬೋಯಾ ಅಲ್ಲಿದ್ದದ್ದೇ ನೀರಿನೊಳಗಿನ ಬಂಡೆಯಿಂದ ದೂರ ಇರಿ ಎಂದು ಹಡಗುಗಳಿಗೆ ಹೇಳಲು. ಬೇರೆಲ್ಲ ಹಡಗುಗಳು ಅದನ್ನು ನೋಡಿ ದೂರ ಸರಿಯುತ್ತವೆ, ಈ ಒಂದು ಜಾತಿಯ ಹಡಗು ಮಾತ್ರ ಅದರ ಹತ್ತಿರವೇ ಹೋಗಬೇಕು. ಬೋಯಾ ಡೆಕ್ಕಿಗೆ ಬಂತು, ಸ್ವಲ್ಪ ಹೊತ್ತಿನಲ್ಲಿ ಹಡಗು ಅದೇ ಬಂಡೆ ಹತ್ತಿತು. ಬಿಡಿಸಿಕೊಳ್ಳಲು ಗಂಟೆಗಟ್ಟಲೆ ಹೆಣಗಿದರು, ಅಲೆ ಹಡಗನ್ನು ಬಂಡೆಗೆ ಬಡಿಯುತ್ತಾ ಹೋಯಿತು. ಕೊನೆಗೆ 53 ಮಂದಿಯೂ ಹಡಗು ಬಿಟ್ಟು ಇಳಿದರು. ಅವರನ್ನು ಹತ್ತಿಸಿಕೊಂಡದ್ದು ಹತ್ತಿರದಲ್ಲಿದ್ದ ಭಾರತದ ಸರಕು ಹಡಗು, 'ಮಂಗಲ್ ದೇಸಾಯಿ'. ಯಾರೂ ಸಾಯಲಿಲ್ಲ.

ಚಳಿಗಾಲದ ಬಿರುಗಾಳಿಗಳು ಮೆಸ್ಕೀಟನ್ನು ರಿಪೇರಿಗೆ ಆಗದ ಹಾಗೆ ಮಾಡಿದವು. 1990ರಲ್ಲಿ ಅದನ್ನು ಎತ್ತಿ ಕೀಸ್ಟೋನ್ ಕೊಲ್ಲಿಯಲ್ಲಿ ಬೇಕೆಂದೇ ಮುಳುಗಿಸಿದರು. ಈಗ ಮುಳುಗುಗಾರರು ಹೋಗಿ ನೋಡುತ್ತಾರೆ.

ಹಳೆಯ ಬೋಸನ್

'ಮಂಗಲ್ ದೇಸಾಯಿ'! ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಡಿಸೆಂಬರ್ ತಿಂಗಳಲ್ಲಿ ಆ ಸರೋವರದೊಳಗೆ ನಮ್ಮ ಹಡಗು, ನಮ್ಮ ಹುಡುಗರು. ಅವತ್ತು ಆ ಹಡಗಿನ ಭಂಡಾರಿ ಬೆಳಗಿನ ಜಾವಕ್ಕೆ 53 ಜನ ಅಮೆರಿಕನ್ನರಿಗೆ ಏನು ಬಡಿಸಿದ ಎಂದು ತಿಳಿದುಕೊಳ್ಳುವ ಆಸೆಯಾಗುತ್ತಿದೆ.

ಯಶೋದಾ, ಮಿಶಿಗನ್

ಬಿಸಿ ಚಹಾ ಅಂತೂ ಕೊಟ್ಟೇ ಇರುತ್ತಾನೆ.

ಸುಪೀರಿಯರ್ ಅವರೇ, 'ಬ್ಲ್ಯಾಕ್‌ಥಾರ್ನ್' ಬಗ್ಗೆಯೂ ಹೇಳಿ. ಮಗ ಸೇರಿದ ವರ್ಷ ಅದನ್ನು ಓದಿ ನಾನು ನಿದ್ದೆಗೆಟ್ಟಿದ್ದೇನೆ. ಈ ಹಡಗುಗಳಿಗೆ ಸೇರುವ ಪ್ರತಿಯೊಬ್ಬರಿಗೂ ಅದನ್ನು ಹೇಳಿಕೊಡುತ್ತಾರೆ.

ಸುಪೀರಿಯರ್ ದಡ

ಹೇಳಲು ಕಷ್ಟವಾದ ಘಟನೆ ಅದು. 1980ರ ಜನವರಿ 28, ಫ್ಲೋರಿಡಾದ ಟ್ಯಾಂಪಾ ಕೊಲ್ಲಿ, ರಾತ್ರಿ. ಬ್ಲ್ಯಾಕ್‌ಥಾರ್ನ್ ಟ್ಯಾಂಪಾದಲ್ಲಿ ದೊಡ್ಡ ರಿಪೇರಿ ಮುಗಿಸಿಕೊಂಡು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ಗೆ ಹೊರಟಿತ್ತು. ದೀಪಗಳಿಂದ ಝಗಝಗಿಸುತ್ತಿದ್ದ 'ಕಜಾಕ್‌ಸ್ತಾನ್' ಎಂಬ ಸೋವಿಯತ್ ಪ್ರಯಾಣಿಕ ಹಡಗು ಅದನ್ನು ಹಿಂದೆ ಹಾಕಿ ಹೋಯಿತು. ಎದುರಿನಿಂದ 605 ಅಡಿ ಉದ್ದದ 'ಕ್ಯಾಪ್ರಿಕಾರ್ನ್' ಎಂಬ ಟ್ಯಾಂಕರ್ ಒಳಗೆ ಬರುತ್ತಿತ್ತು. ಆ ಬೆಳಕಿನ ಅಡ್ಡಿ, ಕಾಲುವೆಯ ತಿರುವು, ತಡವಾದ ಸಂಪರ್ಕ, ಎಲ್ಲ ಕೂಡಿಕೊಂಡಿತು. ಡಿಕ್ಕಿಯಾಯಿತು. ಡಿಕ್ಕಿಯಿಂದಲೇ ಅದು ಮುಳುಗಬೇಕಿರಲಿಲ್ಲ. ಟ್ಯಾಂಕರಿನ ಲಂಗರು ಬ್ಲ್ಯಾಕ್‌ಥಾರ್ನ್‌ನ ಮೈಗೆ ಸಿಕ್ಕಿಕೊಂಡಿತು, ಹಡಗುಗಳು ದೂರ ಸರಿದಂತೆ ಲಂಗರಿನ ಸರಪಳಿ ಸರಸರನೆ ಹೊರಬಂದು ಕೊನೆಗೆ ಬಿಗಿಯಾಯಿತು, ಹಡಗನ್ನು ಮಗುಚಿಹಾಕಿತು. 50 ಜನರಲ್ಲಿ 23 ಮಂದಿ ಸತ್ತರು.

ವಿಲಿಯಂ ಫ್ಲೋರೆಸ್ ಎಂಬ ಕಿರಿಯ ನಾವಿಕ ಮಗುಚುತ್ತಿದ್ದ ಹಡಗಿನಲ್ಲೇ ಉಳಿದು ನೀರಿಗೆ ಬಿದ್ದವರಿಗೆ ಜೀವರಕ್ಷಕ ಜಾಕೆಟ್‌ಗಳನ್ನು ಎಸೆದ. ಜಾಕೆಟ್ ಪೆಟ್ಟಿಗೆಯ ಬಾಗಿಲು ಮುಚ್ಚಿಕೊಳ್ಳದ ಹಾಗೆ ತನ್ನ ಸೊಂಟದ ಬೆಲ್ಟಿನಿಂದ ಕಟ್ಟಿಟ್ಟ, ಉಳಿದವು ತಾವಾಗಿಯೇ ತೇಲಿ ಮೇಲೆ ಬರಲಿ ಎಂದು. ಅವನು ಬದುಕಲಿಲ್ಲ. ಪದಕ ಕೊಡಲು 2000ನೇ ಇಸವಿ ಬರಬೇಕಾಯಿತು, ಎರಡು ದಶಕ! ಈಗ ಅವನ ಹೆಸರಿನ ಒಂದು ಗಸ್ತು ಹಡಗಿದೆ.

ಅದೇ ವರ್ಷದ ಮೇ 9ರಂದು, ಅದೇ ಕೊಲ್ಲಿಯಲ್ಲಿ, 'ಸಮಿಟ್ ವೆಂಚರ್' ಎಂಬ ಹಡಗು ಸನ್‌ಶೈನ್ ಸ್ಕೈವೇ ಸೇತುವೆಗೆ ಗುದ್ದಿ 35 ಜನ ಸತ್ತರು.

ಪಣಂಬೂರು ವಾಸಿ

ತೈಲ ಸೋರಿಕೆಗೂ ಇವನ್ನೇ ಕಳುಹಿಸುತ್ತಾರೆ ಎಂದು ಓದಿದ್ದೆ, ಹೌದೇ?

ಸುಪೀರಿಯರ್ ದಡ

ಹೌದು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಟ್ಯಾಂಕರ್ ಬಂಡೆ ಹತ್ತಿ ತೈಲ ಸುರಿದ ಮೇಲೆ ಕಟ್ಟಿದ ಹಡಗುಗಳಲ್ಲವೇ, ಜುನಿಪರ್ ವರ್ಗದಲ್ಲಿ ತೈಲ ಬಾಚುವ ಸಲಕರಣೆಯನ್ನೂ ಸೇರಿಸಿದರು. 2010ರ ಡೀಪ್‌ವಾಟರ್ ಹೊರೈಜನ್ ತೈಲಬಾವಿಯ ಅನಾಹುತದಲ್ಲಿ ಹಲವು ಜುನಿಪರ್‌ಗಳನ್ನು ಮೆಕ್ಸಿಕೋ ಕೊಲ್ಲಿಗೆ ಕರೆಸಿದರು. ಖಾಲಿ ಡೆಕ್, ದೊಡ್ಡ ಕ್ರೇನ್, ನಿಧಾನವಾಗಿ ಹೋಗುವ ಸಾಮರ್ಥ್ಯ ಇವು ಇದ್ದಲ್ಲಿ ಕೆಲಸ ತಾನಾಗಿ ಹುಡುಕಿಕೊಂಡು ಬರುತ್ತದೆ. ಈ ವರ್ಗದ ಹಡಗು 14 ಇಂಚು ದಪ್ಪದ ಮಂಜುಗಡ್ಡೆಯನ್ನು ನಿಲ್ಲದೆ ಒಡೆಯುತ್ತದೆ. ಮಾರ್ಚ್‌ನಲ್ಲಿ ಡುಲೂತ್ ಬಂದರು ತೆರೆಸುವ ಕೆಲಸವೂ ಇದರ ಪಾಲಿಗೇ ಬರುತ್ತದೆ. ಆಗ ಹೊನೊಲುಲುವಿನಲ್ಲಿದ್ದ 'ವಾಲ್‌ನಟ್' 2003ರಲ್ಲಿ ಪರ್ಷಿಯನ್ ಕೊಲ್ಲಿಗೆ ಹೋಗಿ ಇರಾಕ್‌ನ ಉಮ್ ಕಸ್ರ್ ಬಂದರಿನ ಕಾಲುವೆಗೆ ಬೋಯಾ ಇಟ್ಟು ಬಂತು. 1957ರಲ್ಲಿ ಹಳೆಯ 'ಸ್ಪಾರ್' ಮತ್ತು 'ಬ್ರ್ಯಾಂಬಲ್' ಇನ್ನೊಂದು ಹಡಗಿನ ಜೊತೆ 64 ದಿನಗಳಲ್ಲಿ ವಾಯವ್ಯ ಜಲಮಾರ್ಗ, ಅಂದರೆ ಕೆನಡಾದ ಉತ್ತರದ ಹಿಮಸಮುದ್ರದ ದಾರಿ, ದಾಟಿದವು. 1958ರ ನವೆಂಬರ್‌ನಲ್ಲಿ ಮಿಶಿಗನ್ ಸರೋವರದಲ್ಲಿ 'ಕಾರ್ಲ್ ಬ್ರ್ಯಾಡ್ಲಿ' ಎಂಬ ಸರಕು ಹಡಗು ಮುಳುಗಿದಾಗ ಬದುಕುಳಿದ ಇಬ್ಬರನ್ನು ಎತ್ತಿಕೊಂಡದ್ದು 'ಸನ್‌ಡ್ಯೂ'.

ಚಿಕಾಗೋದಲ್ಲಿ ಇರುವವರಿಗೆ ಒಂದು ಸುದ್ದಿ: 'ಮ್ಯಾಕಿನಾ' ಎಂಬ 240 ಅಡಿಯ ಹಡಗು, ಮಂಜುಗಡ್ಡೆಯನ್ನೂ ಒಡೆಯುತ್ತದೆ, ಬೋಯಾವನ್ನೂ ಎತ್ತುತ್ತದೆ, ಡಿಸೆಂಬರ್ ಆರಂಭದಲ್ಲಿ ಅದೇ ಡೆಕ್ಕಿನ ಮೇಲೆ ಕ್ರಿಸ್‌ಮಸ್ ಮರಗಳನ್ನು ಹೇರಿಕೊಂಡು ನೇವಿ ಪಿಯರ್‌ಗೆ ಬರುತ್ತದೆ. ಬಡವರ ಮನೆಗಳಿಗೆ ಹಂಚಲು.

ಸಂದೇಹ ಶಂಕರ

ಬೋಯಾದ ದೀಪಕ್ಕೆ ವಿದ್ಯುತ್ ಎಲ್ಲಿಂದ? ಮೊದಲು ಏನಿತ್ತು? ಇದು ವಾದಕ್ಕಲ್ಲ, ಕುತೂಹಲಕ್ಕೆ.

ಹಳೆಯ ಬೋಸನ್

ಈಗ ಸೌರಫಲಕ, ಬ್ಯಾಟರಿ, ಎಲ್‌ಇಡಿ. ಮೊದಲು ಅಸಿಟಿಲಿನ್ ಅನಿಲ. ಸ್ವೀಡನ್ನಿನ ಗುಸ್ತಾಫ್ ಡಾಲೆನ್ ಎಂಬವರು ಬೋಯಾ ಮತ್ತು ದೀಪಸ್ತಂಭದ ಅನಿಲದೀಪ ಹಗಲಿನಲ್ಲಿ ತಾನಾಗಿ ಆರಿ, ಕತ್ತಲಾದಾಗ ತಾನಾಗಿ ಹೊತ್ತಿಕೊಳ್ಳುವ ಕವಾಟ ಮಾಡಿದರು. 1912ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ಅಸಿಟಿಲಿನ್ ಸ್ಫೋಟದಲ್ಲಿ ಅವರ ಕಣ್ಣು ಹೋಯಿತು. ಬ್ಯಾಟರಿ ಬಂದ ಮೇಲೂ ಅಪಾಯ ಪೂರ್ತಿ ಹೋಗಲಿಲ್ಲ. ಮುಚ್ಚಿದ ಬೋಯಾದೊಳಗೆ ಬ್ಯಾಟರಿಯಿಂದ ಜಲಜನಕ ತುಂಬಿಕೊಳ್ಳುತ್ತದೆ, ಮುಚ್ಚಳ ತೆರೆಯುವ ಮುಂಚೆ ಗಾಳಿ ಆಡಿಸದಿದ್ದರೆ ಒಂದು ಕಿಡಿ ಸಾಕು. ನಮ್ಮ ದೋಣಿಯಲ್ಲಿ ಬೀಡಿ ಸೇದುವವರನ್ನು ಹಿಂಭಾಗಕ್ಕೆ ಅಟ್ಟಿ ಆಮೇಲೆ ಮುಚ್ಚಳಕ್ಕೆ ಕೈ ಹಾಕುತ್ತಿದ್ದೆ.

ಹೊನ್ನಾವರದ ಹುಡುಗ

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ಬೋಯಾ ಎತ್ತುವುದನ್ನು ದಡದಿಂದ ನೋಡಲು ಆಗುತ್ತದೆಯೇ?

ಸುಪೀರಿಯರ್ ದಡ

ಎತ್ತುವುದು ಬಹುತೇಕ ದೂರದಲ್ಲಿ, ದಡಕ್ಕೆ ಕಾಣುವುದು ಅದೃಷ್ಟವಿದ್ದರೆ. ಆದರೆ ಹಡಗು ಒಳಗೆ ಹೊರಗೆ ಹೋಗುವಾಗ ಡುಲೂತ್‌ನ ಎತ್ತುವ ಸೇತುವೆಯ ಕೆಳಗಿನ ಕಾಲುವೆಯಲ್ಲಿ ಕೈಚಾಚಿದರೆ ಸಿಗುವಷ್ಟು ಹತ್ತಿರ ಬರುತ್ತದೆ. ಶರತ್ಕಾಲದ ಕೊನೆಗೆ ಬಂದರೆ ಡೆಕ್ಕಿನ ತುಂಬ ಕೆಂಪು ಹಸಿರು ಬೋಯಾ ಹೇರಿಕೊಂಡು ವಾಪಸಾಗುವುದನ್ನು ನೋಡಬಹುದು. ದಪ್ಪ ಜಾಕೆಟ್ ತನ್ನಿ, ಕಿವಿ ಮುಚ್ಚುವ ಟೋಪಿಯೂ ಇರಲಿ.

ಯಶೋದಾ, ಮಿಶಿಗನ್

ಗಾಳಿ ನಿಮ್ಮ ಕಡೆಗೆ ಬೀಸುತ್ತಿದ್ದರೆ ಮೂಗಿಗೂ ಏನಾದರೂ ಕಟ್ಟಿಕೊಳ್ಳಿ.